ಪೋಷಕರಿಗೆ ಪತ್ರ: ಶನಿವಾರ ಬನ್ನಿ, ಮಕ್ಕಳು ಲೇಯರ್ ತೆರೆದು ತೋರಿಸುತ್ತಾರೆ

ಪ್ರಿಯ ಪೋಷಕರೇ,

ನಮಸ್ಕಾರ. ಎಂಟನೇ ತರಗತಿಯ ಮಕ್ಕಳು ಈ ಸಲ ಚಿತ್ರಕಲೆ ಪೀರಿಯಡ್‌ನಲ್ಲಿ ಕಂಪ್ಯೂಟರ್‌ನಲ್ಲಿ ಫೋಟೋ ಎಡಿಟಿಂಗ್ ಕಲಿತರು. ಮುಂದಿನ ಶನಿವಾರ ಬೆಳಿಗ್ಗೆ ಅದರ ಪ್ರದರ್ಶನ ಇದೆ. ಎಲ್ಲರೂ ಬರಬೇಕು. ಬರುವ ಮೊದಲು ಒಂದು ವಿಷಯ ನಿಮಗೆ ಹೇಳಲೇಬೇಕು ಅನ್ನಿಸಿತು.

ಪ್ರತಿ ಮಗುವೂ ಕೆಲಸದ ಜೊತೆ ಒಂದು ನೋಟ್‌ಬುಕ್ ಬರೆದಿದೆ. ಏನು ಮಾಡಿದೆ, ಎಲ್ಲಿ ಕೆಟ್ಟಿತು, ಯಾಕೆ ಬದಲಿಸಿದೆ ಅಂತ. ಹೋದ ವಾರ ಕೂತು ಎಲ್ಲವನ್ನೂ ಓದಿದೆ. ಅದರಲ್ಲಿ ಒಬ್ಬ ಹುಡುಗಿ ಬರೆದ ನಾಲ್ಕು ಪುಟ ಇನ್ನೂ ನನ್ನ ತಲೆಯಲ್ಲೇ ಇದೆ. ಅವಳನ್ನೂ ಅವಳ ಮನೆಯವರನ್ನೂ ಕೇಳಿಕೊಂಡೇ ಇಲ್ಲಿ ಬರೆಯುತ್ತಿದ್ದೇನೆ.

ಅವಳು ಆರಿಸಿಕೊಂಡಿದ್ದು ಮುತ್ತಜ್ಜನ ಕಪ್ಪು-ಬಿಳುಪು ಫೋಟೋ. ಅದನ್ನು ಬಹಳ ವರ್ಷ ಮಡಚಿಟ್ಟಿದ್ದರು. ಮಡಿಕೆಯ ಗೆರೆ ಸರಿಯಾಗಿ ಎಡಗಣ್ಣಿನ ಮೇಲೇ ಹಾದುಹೋಗಿತ್ತು. ಅಲ್ಲೆಲ್ಲ ಬಣ್ಣ ಉದುರಿ ಬಿಳಿ ಕಾಗದ ಕಾಣುತ್ತಿತ್ತು. ಮೊದಲು ಅಂಗಿ ಮತ್ತು ಹಿಂದಿನ ಗೋಡೆ ಸರಿ ಮಾಡಿದಳು. ಕ್ಲೋನ್ ಟೂಲ್ ಇದ್ದರೆ ಅದು ಸುಲಭ, ಚಿತ್ರದ ಒಂದು ಕಡೆಯ ಚೂರನ್ನು ಇನ್ನೊಂದು ಕಡೆ ಬಳಿಯುವುದು ಅಷ್ಟೇ. ಆದರೆ ಒಂದೇ ಜಾಗದಿಂದ ಮತ್ತೆ ಮತ್ತೆ ತೆಗೆದರೆ ಗೋಡೆಯ ಒಂದೇ ಕಲೆ ನಾಲ್ಕು ಕಡೆ ಎದ್ದು ಕಾಣುತ್ತದೆ. ಅದನ್ನು ಅವಳೇ ಗಮನಿಸಿ, ತೆಗೆದು, ಮೊದಲಿನಿಂದ ಮಾಡಿದಳು.

ಕಷ್ಟ ಬಂದಿದ್ದು ಕಣ್ಣಿಗೆ. ಬಲಗಣ್ಣನ್ನು ಕಾಪಿ ಮಾಡಿ, ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ, ಎಡಗಣ್ಣಿನ ಜಾಗದಲ್ಲಿ ಕೂರಿಸಿದಳು. ಅಳತೆ ಸರಿಹೋಯಿತು. ಬಣ್ಣವೂ ಹೊಂದಿತು. ಅಜ್ಜಿಗೆ ತೋರಿಸಿದರೆ, "ಇದು ನಮ್ಮಪ್ಪ ಅಲ್ಲ ಕಣೇ" ಅಂದರಂತೆ.

ಯಾಕೆ ಅಂತ ತಿಳಿಯಲು ಅವಳಿಗೆ ಎರಡು ದಿನ ಬೇಕಾಯಿತು. ಫೋಟೋದಲ್ಲಿ ಬೆಳಕು ಒಂದು ಕಡೆಯಿಂದ ಬಿದ್ದಿತ್ತು. ಬಲಗಣ್ಣಿನ ಪಾಪೆಯಲ್ಲಿ ಹೊಳಪಿನ ಚುಕ್ಕೆ ಮೂಗಿನ ಕಡೆಗಿತ್ತು. ತಿರುಗಿಸಿದಾಗ ಎಡಗಣ್ಣಿನಲ್ಲೂ ಅದು ಮೂಗಿನ ಕಡೆಗೇ ಬಂದುಬಿಟ್ಟಿತು. ಎರಡು ರೆಪ್ಪೆಗಳೂ ಒಂದೇ ಅಚ್ಚು. ಯಾರ ಮುಖವೂ ಹಾಗಿರುವುದಿಲ್ಲ, ಅಲ್ವಾ?

ಆ ದಿನ ಅವಳು ಬರೆದ ಸಾಲು ಇದು: "ಗೆರೆಯ ಕೆಳಗೆ ಏನಿತ್ತು ಅಂತ ನನಗೆ ಗೊತ್ತಿಲ್ಲ. ಅಲ್ಲಿ ನಾನು ಹಾಕಿದ್ದೆಲ್ಲ ಊಹೆ."

ಹೊಸ ಕಣ್ಣು ಬೇರೆ ಲೇಯರ್‌ನಲ್ಲಿತ್ತು. ಲೇಯರ್ ಅಂದರೆ ಚಿತ್ರದ ಮೇಲಿಟ್ಟ ಪಾರದರ್ಶಕ ಹಾಳೆಯಂಥ ಪದರ, ಬೇಡವಾದರೆ ಕಾಣದ ಹಾಗೆ ಆಫ್ ಮಾಡಬಹುದು. ಕೊನೆಗೆ ಆ ಕಣ್ಣಿನ ಲೇಯರ್ ಅನ್ನು ಆಫ್ ಮಾಡಿದಳು. ಡಿಲೀಟ್ ಮಾಡಲಿಲ್ಲ. ಹಳೆಯ ಕಣ್ಣಿನಲ್ಲಿ ಉಳಿದಿದ್ದಷ್ಟನ್ನು ಹಾಗೇ ಬಿಟ್ಟು, ಬಿಳಿ ಗೆರೆಯನ್ನು ಮಾತ್ರ ಸುತ್ತಲಿನ ಬೂದುಬಣ್ಣಕ್ಕೆ ತಗ್ಗಿಸಿದಳು. ಈಗಲೂ ಗೆರೆ ತೆಳ್ಳಗೆ ಕಾಣುತ್ತದೆ. ಕಣ್ಣು ಮಾತ್ರ ಅವರದ್ದೇ.

ಗೋಡೆಗೆ ಹಾಕಿದ ಪ್ರಿಂಟ್‌ನಲ್ಲಿ ಇದು ಯಾವುದೂ ಕಾಣುವುದಿಲ್ಲ. ಸುಮ್ನೆ ನೋಡಿದರೆ, "ಗೆರೆ ಇನ್ನೂ ಹೋಗಿಲ್ಲವಲ್ಲ" ಅಂತಲೇ ಅನ್ನಿಸಬಹುದು. ಅದಕ್ಕೇ ಪ್ರಿಂಟ್‌ಗಳ ಪಕ್ಕದಲ್ಲಿ ಕಂಪ್ಯೂಟರ್‌ಗಳನ್ನೂ ಇಡುತ್ತಿದ್ದೇವೆ. ನಿಮ್ಮ ಮಗುವಿನ ಹತ್ತಿರ ಫೈಲ್ ತೆರೆಸಿ. ಲೇಯರ್‌ಗಳನ್ನು ಒಂದೊಂದಾಗಿ ಆಫ್ ಮಾಡಿ ತೋರಿಸಲು ಹೇಳಿ. ಆಫ್ ಆಗಿಯೇ ಇರುವ ಲೇಯರ್ ಸಿಕ್ಕರೆ, ಅದನ್ನು ಯಾಕೆ ಬಿಟ್ಟೆ ಅಂತ ಕೇಳಿ. ಮಕ್ಕಳಿಗೆ ಹೇಳಲು ಜಾಸ್ತಿ ಇರುವುದು ಅಲ್ಲೇ. ನಾನು ಮಾರ್ಕ್ಸ್ ಕೊಡುವಾಗಲೂ ಅದನ್ನೇ ಹೆಚ್ಚು ನೋಡಿದ್ದೇನೆ.

ಮಕ್ಕಳಿಗೆ ತುಂಬಾ ಹಿಡಿಸಿದ ಒಂದು ಸಂಗತಿಯನ್ನೂ ಹೇಳುತ್ತೇನೆ. 1957ರಲ್ಲಿ ಅಮೆರಿಕದ ಎಂಜಿನಿಯರ್ ರಸೆಲ್ ಕಿರ್ಶ್ ಮತ್ತು ಅವರ ಜೊತೆಯವರು ಮೊದಲ ಬಾರಿಗೆ ಒಂದು ಫೋಟೋವನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಿದರು. ಅದು ಕಿರ್ಶ್ ಅವರ ಮೂರು ತಿಂಗಳ ಮಗನ ಫೋಟೋ. ಅಗಲ 176 ಪಿಕ್ಸೆಲ್ (ಚಿತ್ರವನ್ನು ಕಟ್ಟುವ ಪುಟ್ಟ ಚುಕ್ಕೆ), ಎತ್ತರ 176 ಪಿಕ್ಸೆಲ್, ಅಷ್ಟೇ. ನಮ್ಮ ಮಕ್ಕಳ ಒಂದು ಎ4 ಪ್ರಿಂಟ್‌ಗೆ ಇಂಚಿಗೆ 300ರಂತೆ ಸುಮಾರು 87 ಲಕ್ಷ ಪಿಕ್ಸೆಲ್ ಬೇಕು. ಈ ಲೆಕ್ಕವನ್ನು ಮಕ್ಕಳೇ ಹಾಕಿದರು. ಆದರೆ ಅವರು ಎಲ್ಲರಿಗೂ ಹೇಳಿಕೊಂಡು ಓಡಾಡಿದ್ದು, "ಮೊದಲನೆಯದು ಒಬ್ಬ ಅಪ್ಪ ತಂದ ಪಾಪುವಿನ ಫೋಟೋ ಅಂತೆ" ಅನ್ನುವುದನ್ನು.

ಮನೆಯಲ್ಲಿ ಮುಂದುವರಿಸಲು ಏನನ್ನೂ ಕೊಳ್ಳಬೇಕಿಲ್ಲ. ಮಕ್ಕಳು ಕಲಿತಿದ್ದು ಗಿಂಪ್ ಅನ್ನುವ ಫೋಟೋ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ. ಅದು ಉಚಿತ. ಕೆಲಸವನ್ನು ಗಿಂಪ್‌ನ ಎಕ್ಸ್‌ಸಿಎಫ್ ಫೈಲ್ ಆಗಿ ಸೇವ್ ಮಾಡಲು ನೆನಪಿಸಿ, ಲೇಯರ್‌ಗಳು ಅದರಲ್ಲಿ ಉಳಿಯುತ್ತವೆ. ಫೋಟೋಗಳು ಸಾಮಾನ್ಯವಾಗಿ ಇರುವ ಜೆಪೆಗ್ ಫೈಲ್‌ನಲ್ಲಿ ಉಳಿಯುವುದಿಲ್ಲ. ಜೊತೆಗೆ ಜೆಪೆಗ್ ಆಗಿ ತಿದ್ದಿ ತಿದ್ದಿ ಸೇವ್ ಮಾಡಿದ ಹಾಗೆಲ್ಲ ಚಿತ್ರ ಸ್ವಲ್ಪ ಸ್ವಲ್ಪವೇ ಕೆಡುತ್ತದೆ. ಮೂಲ ಫೋಟೋವನ್ನು ಯಾವತ್ತೂ ಮುಟ್ಟದೆ ಬೇರೆ ಇಡಬೇಕು. ಇನ್ನೊಬ್ಬರ ಫೋಟೋವನ್ನು ಅವರನ್ನು ಕೇಳದೆ ತಿದ್ದಬಾರದು ಅಂತ ತರಗತಿಯಲ್ಲಿ ಹೇಳಿದ್ದೇವೆ, ಮನೆಯಲ್ಲಿ ನೀವೂ ಒಂದು ಮಾತು ಹೇಳಿ.

ಸ್ಕ್ಯಾನ್ ಮಾಡಲು ಹಳೆಯ ಫೋಟೋ ಕೊಟ್ಟವರು ಶನಿವಾರವೇ ಆಫೀಸಿನಲ್ಲಿ ವಾಪಸ್ ತೆಗೆದುಕೊಳ್ಳಿ. ಒಂದೊಂದನ್ನೂ ರಟ್ಟಿನ ಜೊತೆ ಕವರಿನಲ್ಲಿ ಹಾಕಿ, ಮೇಲೆ ಮಗುವಿನ ಹೆಸರು ಬರೆದಿಟ್ಟಿದ್ದೇವೆ. ದಯವಿಟ್ಟು ಮಡಚದೆ ತೆಗೆದುಕೊಂಡು ಹೋಗಿ.

ಇಂತಿ ನಿಮ್ಮ,
ಮುಖ್ಯೋಪಾಧ್ಯಾಯಿನಿ