ಬಾಡಿಗೆ ಬಾಕಿಗೆ ಬೀಗ ಜಡಿಯುವುದು ಉತ್ತರವಲ್ಲ

ಮಾನ್ಯ ಸಂಪಾದಕರೇ,

ಕೆಲಸ ಕಳೆದುಕೊಂಡು ಎರಡು ತಿಂಗಳ ಬಾಡಿಗೆ ಕಟ್ಟಲಾಗದ ನಮ್ಮ ಬೀದಿಯ ಕುಟುಂಬವೊಂದರ ಮನೆಗೆ ಮಾಲೀಕರು ಈಚೆಗೆ ಬೀಗ ಜಡಿದರು. ಮಕ್ಕಳ ಶಾಲಾ ಚೀಲ, ಅಜ್ಜಿಯ ಸಕ್ಕರೆ ಕಾಯಿಲೆಯ ಮಾತ್ರೆ ಎಲ್ಲವೂ ಒಳಗೇ ಉಳಿದವು. ಬಾಕಿ ಎಷ್ಟೇ ಇರಲಿ, ಹೀಗೆ ಹೊರದಬ್ಬಲು ಕಾನೂನಿನ ಒಪ್ಪಿಗೆಯಿಲ್ಲ.

1999ರ ಕರ್ನಾಟಕ ಬಾಡಿಗೆ ಕಾಯ್ದೆಯಡಿ, ನೋಟಿಸ್ ತಲುಪಿದ ಮೇಲೆ ಬಾಕಿ ತೀರಿಸಲು ಎರಡು ತಿಂಗಳ ಕಾಲಾವಕಾಶವಿದೆ. ಆದರೆ ಬೆಂಗಳೂರಿನಲ್ಲಿ ಈ ರಕ್ಷಣೆ ತಿಂಗಳಿಗೆ 3,500 ರೂಪಾಯಿ ಮೀರದ ಬಾಡಿಗೆಗೆ ಮಾತ್ರ. ಈಗ ಆ ದರಕ್ಕೆ ಇಲ್ಲಿ ಒಂದು ಕೋಣೆ ಸಿಗುವುದೂ ಕಷ್ಟ! ಉಳಿದವರಿಗೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯೇ ಗತಿ. ಅದರಡಿ, ಕರಾರಿನಲ್ಲಿ ಬೇರೆ ಷರತ್ತಿಲ್ಲದಿದ್ದರೆ ತಿಂಗಳ ಬಾಡಿಗೆಯ ಮನೆಗೆ 15 ದಿನಗಳ ನೋಟಿಸ್ ಕೊಡಬೇಕು. ಆಮೇಲೂ ಖಾಲಿ ಮಾಡಿಸಲು ನ್ಯಾಯಾಲಯಕ್ಕೇ ಹೋಗಬೇಕು. ಬಲವಂತವಾಗಿ ಹೊರಹಾಕಿದರೆ ಆರು ತಿಂಗಳೊಳಗೆ ಸಿವಿಲ್ ದಾವೆ ಹೂಡಿ ಮನೆಯ ಸ್ವಾಧೀನವನ್ನು ಮರಳಿ ಕೇಳಬಹುದು. ಇದು ಎಷ್ಟು ಬಾಡಿಗೆದಾರರಿಗೆ ಗೊತ್ತು?

ಹಾಗೆಂದು ಬಾಕಿ ಮನ್ನಾ ಆಗುವುದಿಲ್ಲ. ಬಾಡಿಗೆಯನ್ನೇ ನೆಚ್ಚಿ ಬದುಕುವ ನಿವೃತ್ತರೂ ಇದ್ದಾರೆ. ಅವರ ಫೋನ್ ಎತ್ತದೆ ತಲೆಮರೆಸಿಕೊಳ್ಳುವುದು ಅನ್ಯಾಯ. ಕಷ್ಟವನ್ನು ಬರಹದಲ್ಲಿ ತಿಳಿಸಿ, ಕೈಲಾದಷ್ಟು ಕೊಟ್ಟು ರಸೀದಿ ಪಡೆಯಬೇಕು. ಮುಂಗಡದಲ್ಲಿ ಮುರಿದುಕೊಳ್ಳುವಂತೆ ಕೇಳಲೂಬಹುದು.

ರಾಜ್ಯ ಸರ್ಕಾರ ಮೊದಲು ಆ 3,500 ರೂಪಾಯಿಯ ಮಿತಿಯನ್ನು ಇಂದಿನ ದರಕ್ಕೆ ತಕ್ಕಂತೆ ಪರಿಷ್ಕರಿಸಲಿ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಸೂಚಿಸಿರುವಂತೆ, ವಾಸದ ಮನೆಯ ಮುಂಗಡವನ್ನು ಎರಡು ತಿಂಗಳ ಬಾಡಿಗೆಗೆ ಮಿತಿಗೊಳಿಸುವ ನಿಯಮವನ್ನೂ ಇಲ್ಲಿ ಜಾರಿಗೆ ತರಲಿ.

– ನೊಂದ ಓದುಗ, ಬೆಂಗಳೂರು