ಹತ್ತು ಹೆಸರು ಕಳಿಸುವ ಮುಂಚೆ ಇದನ್ನೊಮ್ಮೆ ಓದಿ

ಗೆಳೆಯರೇ, ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಇತಿಹಾಸದ ಹತ್ತು ಶ್ರೇಷ್ಠ ಆಟಗಾರರ ಪಟ್ಟಿಯನ್ನು ಭಾನುವಾರ ರಾತ್ರಿಯೊಳಗೆ ಇಲ್ಲೇ ಹಾಕಿ. ಬರೀ ಹೆಸರು ಬೇಡ, ಯಾಕೆ ಅಂತ ಎರಡು ಸಾಲು ಬರೆಯಿರಿ.

ಬಿಲ್ ರಸೆಲ್ ಅವರನ್ನು ಮಾತ್ರ ಸುಮ್ನೆ ಕೆಳಗೆ ತಳ್ಳಬೇಡಿ. 13 ಸೀಸನ್‌ನಲ್ಲಿ 11 ಸಲ ಚಾಂಪಿಯನ್ ಆದವರು. ಅವರು ಆಟ ಬಿಟ್ಟಿದ್ದು 1969ರಲ್ಲಿ. ಲೀಗ್ ಬ್ಲಾಕ್‌ಗಳ (ಎದುರಾಳಿಯ ಶಾಟ್ ತಡೆಯುವುದು) ಲೆಕ್ಕ ಇಡಲು ಶುರು ಮಾಡಿದ್ದೇ 1973-74ರಲ್ಲಿ. ಹಾಗಾಗಿ ಅವರ ದೊಡ್ಡ ಕೆಲಸವೇ ಅಂಕಿಅಂಶದಲ್ಲಿ ಸಿಗುವುದಿಲ್ಲ. ಹಳೇ ವಿಡಿಯೋ ನೋಡಿ. ಎದುರಾಳಿಯ ಶಾಟ್ ತಡೆದಾಗ ಚೆಂಡನ್ನು ಜೋರಾಗಿ ಹೊರಗೆ ಬಡಿಯುವ ಬದಲು ಮೆಲ್ಲಗೆ ತಟ್ಟಿ ತಮ್ಮವರ ಕೈಗೇ ಸಿಗುವಂತೆ ಮಾಡುತ್ತಿದ್ದರು. ಅಲ್ಲಿಂದಲೇ ಅವರ ತಂಡ ಸೆಲ್ಟಿಕ್ಸ್‌ನ ಓಟ ಶುರು!

ಮೈಕಲ್ ಜೋರ್ಡನ್ ದೊಡ್ಡವರಾ, ಲೆಬ್ರಾನ್ ಜೇಮ್ಸ್ ದೊಡ್ಡವರಾ ಅನ್ನೋ ವಾದ ಇದ್ದೇ ಇದೆ. ನನಗೆ ಜೋರ್ಡನ್ನೇ ಮೊದಲು: ಆರು ಫೈನಲ್ಸ್, ಆರೂ ಗೆಲುವು, ಆರೂ ಸಲ ಫೈನಲ್ಸ್ ಎಂವಿಪಿ (ಫೈನಲ್ಸ್‌ನ ಅತ್ಯುತ್ತಮ ಆಟಗಾರ). ಆದರೆ 2023ರಲ್ಲಿ ಕರೀಮ್ ಅಬ್ದುಲ್-ಜಬ್ಬಾರ್ ಅವರ 38,387 ಪಾಯಿಂಟ್‌ಗಳ ದಾಖಲೆ ದಾಟಿದ ಲೆಬ್ರಾನ್‌ರನ್ನು ಯಾರಾದರೂ ಮೇಲಿಟ್ಟರೆ ತಪ್ಪು ಅನ್ನಲಾರೆ. ಅಷ್ಟು ವರ್ಷ ಅದೇ ಮಟ್ಟದಲ್ಲಿ ಆಡುವುದು ಸಣ್ಣ ಮಾತಲ್ಲ, ಅಲ್ವಾ?

ಎನ್‌ಬಿಎಗೆ ಮೂರು ಪಾಯಿಂಟ್ ಗೆರೆ (ಇದರಾಚೆಯಿಂದ ಬುಟ್ಟಿಗೆ ಹಾಕಿದರೆ ಮೂರು ಪಾಯಿಂಟ್) ಬಂದಿದ್ದು 1979ರಲ್ಲಿ. ಹಳಬರನ್ನು ಆ ಗೆರೆಯಾಚೆಯಿಂದ ಹಾಕುವುದಕ್ಕೇ ಹೆಸರಾದ ಸ್ಟೆಫ್ ಕರಿ ಜೊತೆ ಹೋಲಿಸುವಾಗ ಇದೂ ನೆನಪಿರಲಿ.