ನಾಯಿ ಇದ್ದರೆ ಗೊಬ್ಬರದ ಡ್ರಮ್ಮಿಗೆ ಮುಚ್ಚಳ ಇರಲಿ

ಮಾನ್ಯ ಸಂಪಾದಕರೇ,

ಹಸಿ ಕಸವನ್ನು ಮನೆಯಲ್ಲೇ ಗೊಬ್ಬರ ಮಾಡಿ ಅಂತ ಮೈಸೂರಿನಲ್ಲಿ ಎಲ್ಲರೂ ಹೇಳುತ್ತಾರೆ. ಒಳ್ಳೆಯ ಮಾತೇ. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ದೇಶಕ್ಕೇ ಮೊದಲು ಬಂದ ಊರು ಇದು. ಆದರೆ ನಾಯಿ ಸಾಕಿದವರು ಈ ಕೆಲಸವನ್ನು ಹೇಗೆ ಮಾಡಬೇಕು ಅನ್ನುವುದು ಈ ಮಾತುಗಳಲ್ಲಿ ಬರುವುದೇ ಇಲ್ಲ.

ಕಳೆದ ಮಳೆಗಾಲದಲ್ಲಿ ಕುವೆಂಪುನಗರದ ನಮ್ಮ ಬೀದಿಯಲ್ಲಿ ಒಬ್ಬರ ನಾಯಿ, ಹಿತ್ತಲಿನ ತೆರೆದ ಗುಂಡಿಯಿಂದ ಬೂಷ್ಟು ಹಿಡಿದ ಬ್ರೆಡ್ಡು, ಅನ್ನ ತಿಂದುಬಿಟ್ಟಿತು. ಮೊದಲು ಹಿಂಗಾಲು ನಡುಗಿತು, ಆಮೇಲೆ ಮೈಯೆಲ್ಲ. ಗೇಟಿನ ಸದ್ದಿಗೂ ಬೆಚ್ಚಿಬೀಳುತ್ತಿತ್ತು, ಎದ್ದು ನಿಲ್ಲೋಕೆ ಹೋದರೆ ಕಾಲು ಜಾರುತ್ತಿತ್ತು. ತಕ್ಷಣ ಪಶುವೈದ್ಯರ ಹತ್ತಿರ ಎತ್ತಿಕೊಂಡು ಹೋದದ್ದಕ್ಕೆ ಉಳಿಯಿತು. ಕೆಲವು ಬಗೆಯ ಬೂಷ್ಟಿನಲ್ಲಿ ನರಗಳಿಗೆ ತಟ್ಟುವ ವಿಷ ಇರುತ್ತದೆ, ತಿಂದ ಅರ್ಧ ಗಂಟೆಯಿಂದ ಕೆಲವೇ ಗಂಟೆಗಳಲ್ಲಿ ನಡುಕ, ಫಿಟ್ಸ್ ಶುರುವಾಗಬಹುದು. ಅಂಥ ಹೊತ್ತಲ್ಲಿ ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಅದು ಇನ್ನೂ ಅಪಾಯ. ನಾಯಿ ಏನು ತಿಂದರೂ ಅರಗಿಸಿಕೊಳ್ಳುತ್ತೆ ಅನ್ನೋದು ಸುಳ್ಳು.

ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತವೆ, ಬೇಯಿಸಿದ್ದರೂ ಅಷ್ಟೇ. ಅಂದರೆ ಉಳಿದ ಸಾಂಬಾರು ಕೂಡ ಲೆಕ್ಕಕ್ಕೆ ಬಂತು. ದ್ರಾಕ್ಷಿಯಿಂದ ಕಿಡ್ನಿ ಕೆಡಬಹುದು. ಕಾಫಿ ಗಷ್ಟು ಗಿಡಕ್ಕೆ ಒಳ್ಳೆಯದು, ನಾಯಿಗಲ್ಲ. ಮಾವಿನ ವಾಟೆ, ಮುಸುಕಿನ ಜೋಳದ ದಿಂಡು ನುಂಗಿದರೆ ಕರುಳಲ್ಲಿ ಸಿಕ್ಕಿಕೊಂಡು ಆಪರೇಷನ್ನೇ ಬೇಕಾಗಬಹುದು.

ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಹರಳು ಹಿಂಡಿಯದ್ದು. ಗುಲಾಬಿಗೆ ಒಳ್ಳೆಯದು ಅಂತ ಎಷ್ಟೋ ಜನ ತಂದು ಬುಡಕ್ಕೆ ಹಾಕುತ್ತಾರೆ, ಕೆಲವರು ಮೂಳೆಪುಡಿ ಜೊತೆ ಬೆರೆಸುತ್ತಾರೆ. ಮೂಳೆ ವಾಸನೆಗೆ ನಾಯಿ ಬಂದು ಮಣ್ಣು ಕೆದರಿ ತಿನ್ನುತ್ತದೆ. ಎಣ್ಣೆ ತೆಗೆದ ಮೇಲೂ ಆ ಹಿಂಡಿಯಲ್ಲಿ ರಿಸಿನ್ ಅನ್ನುವ ವಿಷ ಉಳಿದಿರಬಹುದು, ಅದು ನಾಯಿಯ ಪ್ರಾಣ ತೆಗೆಯಬಲ್ಲದು. ನಾಯಿ ಇದ್ದ ಮನೆಗೆ ಅದು ಬೇಡವೇ ಬೇಡ.

ಹಾಗಂತ ಗೊಬ್ಬರ ಮಾಡೋದು ಬಿಡಬೇಕಿಲ್ಲ. ಗುಂಡಿಯ ಬದಲು ತೂತು ಕೊರೆದ ಡ್ರಮ್ಮು ಇಡಿ, ಮೂತಿಯಲ್ಲಿ ತಳ್ಳಿದರೆ ಬೀಳದ ಹಾಗೆ ತಿರುಗಿಸಿ ಹಾಕುವ ಮುಚ್ಚಳ ಇರಲಿ. ಹಣ್ಣು ತರಕಾರಿ ಸಿಪ್ಪೆ ಹಾಕಿದಾಗಲೆಲ್ಲ ಅದರ ಮೇಲೆ ಸಿಪ್ಪೆ ಕಾಣದ ಹಾಗೆ ಒಣ ತರಗೆಲೆಯನ್ನೋ ತೆಂಗಿನ ನಾರಿನ ಪುಡಿಯನ್ನೋ ಧಾರಾಳವಾಗಿ ಹರಡಿ. ಇದರಿಂದ ನೀರು ಹೀರಿಕೊಳ್ಳುತ್ತದೆ, ವಾಸನೆಯೂ ಅಡಗುತ್ತದೆ, ಅರ್ಧ ಕಾಟ ಅಲ್ಲೇ ಮುಗಿಯಿತು. ಶುರುವಿಗೆ ಸ್ವಲ್ಪ ಸಗಣಿ ನೀರೋ ಹುಳಿ ಮಜ್ಜಿಗೆಯೋ ಚಿಮುಕಿಸಿದರೆ ಬೇಗ ಕೊಳೆಯುತ್ತದೆ. ಮಾಂಸ, ಮೂಳೆ, ಹಾಲು, ತುಪ್ಪ ಬೇಡ. ನಾಯಿಯ ಕಕ್ಕಸನ್ನೂ ತರಕಾರಿಯ ಗೊಬ್ಬರಕ್ಕೆ ಸೇರಿಸಬೇಡಿ, ಅದರಲ್ಲಿನ ಜಂತುಹುಳುವಿನ ಮೊಟ್ಟೆ ಸುಲಭಕ್ಕೆ ಸಾಯುವುದಿಲ್ಲ.

ಕಾಂಪೌಂಡ್ ಹಾರಿ ಬರುವ ಬೀದಿನಾಯಿಗಳಿಗೂ ಇದೇ ಅಪಾಯ ಇದೆ ಅಲ್ವಾ. ಹಾಗಾಗಿ ಹಸಿ ಕಸದ ಬಗ್ಗೆ ಹಂಚುವ ಕರಪತ್ರಗಳಲ್ಲಿ ನಾಯಿಗಳ ವಿಷಯಕ್ಕೂ ನಾಲ್ಕು ಸಾಲು ಸೇರಿಸಲಿ. ಹರಳು ಹಿಂಡಿ ಮಾರುವವರು ಚೀಲದ ಮೇಲೆ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲೇ, ಎಚ್ಚರಿಕೆ ಬರೆಯಲಿ.

ಒಬ್ಬ ಓದುಗ, ಕುವೆಂಪುನಗರ, ಮೈಸೂರು